ಬೆಳಿಗ್ಗೆ ಆರಕ್ಕೆ ಬರುವ ಹೆಸರು

ಬುಧವಾರ ಬೆಳಿಗ್ಗೆ ಆದಿವಾಲದ ಕಾಳಕ್ಕನ ಈರುಳ್ಳಿ ಹೊಲ ಕೆರೆಯಾಗಿತ್ತು. ವಾಲ್ವ್ ರಾತ್ರಿಯೆಲ್ಲ ತೆರೆದೇ ಇತ್ತು. ಸರದಿಯಂತೆ ವಾಲ್ವ್ ತೆರೆದು ಮುಚ್ಚುತ್ತಿದ್ದುದು ನೀರಿನ ಸಂಘದ ಕಂಪ್ಯೂಟರ್. ಯಾರೋ ಅದರ ಕೋಡ್‌ನಲ್ಲಿ ಒಂದು ಸಾಲು ತಿದ್ದಿದ್ದರು.

ತಿದ್ದಿದವನ ಹೆಸರು ದಾಖಲೆಯಲ್ಲೇ ಇತ್ತು. ಪ್ರಭುಲಿಂಗ. ಆ ಕೋಡ್ ಬರೆದವನೂ ಅವನೇ. ಅವನು ತೀರಿಕೊಂಡು ಎರಡು ತಿಂಗಳಾಗಿತ್ತು.

* * *

“ಸತ್ತೋನು ಬಂದು ನೀರು ಬಿಡ್ತಾನೇನ್ರಿ?” ಸಂಘದ ಅಧ್ಯಕ್ಷ ಗೋವಿಂದಪ್ಪ ಗುಡುಗಿದ. “ಅವನ ಲ್ಯಾಪ್‌ಟಾಪ್ ಹೆಂಡ್ತಿ ಹತ್ರ ಐತೆ. ಕೆಲಸ ಬ್ಯಾರೆಯೋರಿಗೆ ಕೊಡಾಣ ಅಂದಿದ್ದಕ್ಕೆ ಸೇಡು!”

ಇನ್ಸ್‌ಪೆಕ್ಟರ್ ಶೋಭಾರಾಣಿ ಹಿರಿಯೂರಿನಲ್ಲಿದ್ದ ಪ್ರಭುಲಿಂಗನ ಮನೆಗೆ ಹೋದಾಗ ಅವನ ಹೆಂಡತಿ ಮಮತಾ ಮಗಳಿಗೆ ಜಡೆ ಹೆಣೆಯುತ್ತಿದ್ದಳು. ಗಂಡ ಹೆಂಡತಿ ಮನೆಯಲ್ಲೇ ಕೂತು ನಾಲ್ಕು ಗಿರಾಕಿಗಳಿಗೆ ಕೋಡ್ ಬರೆಯುತ್ತಿದ್ದವರು. ಈಗ ಅವಳೊಬ್ಬಳೇ. ಈ ಆರೋಪ ಅಂಟಿಕೊಂಡರೆ ನಾಲ್ಕೂ ಕೆಲಸ ಹೋಗುತ್ತವೆ.

“ಕೋಡ್ ತಿದ್ದಿದ್ದು ಮಂಗಳವಾರ ಮಧ್ಯಾಹ್ನ ಎರಡಕ್ಕೆ. ಆಗ ಎಲ್ಲಿದ್ರಿ?”

“ಮಾರಿಕಣಿವೇಲಿ, ಅತ್ತೆ ಮನೇಲಿ.”

“ಲ್ಯಾಪ್‌ಟಾಪ್?”

“ಜೊತೇಲೇ ಇತ್ತು.”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಶೋಭಾರಾಣಿ ಅದನ್ನು ಗಮನಿಸಿದಳು.

“ಆ ಕೋಡ್ ಮುಟ್ಟೋಕೆ ಏನು ಬೇಕು?”

“ಕೀಲಿ ಬೇಕು ಮೇಡಂ. ಚಿಕ್ಕ ಫೈಲು. ಅದಿರೋ ಕಂಪ್ಯೂಟರ್ ಒಳಗೆ ಹೋಗ್ತೈತೆ. ನಂದು ಗಿರಾಕಿಗೊಂದು ಕೀಲಿ. ನಮ್ಮನೆಯವರು ಹೇಳಿದ್ರೆ ಕೇಳ್ತಿರಲಿಲ್ಲ. ಅವರದ್ದು ನಾಲ್ಕಕ್ಕೂ ಒಂದೇ.”

“ಸತ್ತ ಮೇಲಾದ್ರೂ ಅವರ ಹೆಸರು ಕೀಲಿ ಪಟ್ಟಿಯಿಂದ ತೆಗೀಬೇಕಿತ್ತಲ್ಲ?”

ಮಮತಾ ಲ್ಯಾಪ್‌ಟಾಪ್ ಪರದೆ ತಿರುಗಿಸಿದಳು. ಅದು ಇನ್ನೊಬ್ಬ ಗಿರಾಕಿಯ ದಾಖಲೆ. ಹೊಳಲ್ಕೆರೆಯಲ್ಲಿ ಹನಿ ನೀರಾವರಿ ಪೈಪು ಮಾರುವ ಚೇತನ್‌ಕುಮಾರ್. ಬೆಳಿಗ್ಗೆ ಆರು, ಪ್ರಭುಲಿಂಗ. ಮರುದಿನ ಆರು, ಪ್ರಭುಲಿಂಗ. ಅರವತ್ತು ದಿನ.

“ಅಂಗಡಿ ಕಂಪ್ಯೂಟರ್ ದಿನಾ ತಾನೇ ಹೊಸ ಕೋಡ್ ಇಳಿಸ್ಕಳ್ಳಂಗೆ ಇವರೇ ತಮ್ಮ ಹೆಸರಲ್ಲಿ ಮಾಡಿಟ್ಟಿದ್ರು. ಮಿಷನ್ನು ಅಂತ ಗೊತ್ತು. ಆದ್ರೂ ಎದ್ದು ನೋಡ್ತಿದ್ದೆ. ಅಳಿಸೋಕೆ ಕೈ ಬರ್ಲಿಲ್ಲ.”

ಶೋಭಾರಾಣಿ ಪರದೆಯತ್ತ ಬಾಗಿ ಕೇಳಿದಳು. “ಅಂದ್ರೆ ಅವರ ಕೀಲಿ ಆ ಅಂಗಡೀಲೂ ಐತೆ?”

ಮಮತಾ ತಟ್ಟನೆ ಸಂಘದ್ದು, ಅಂಗಡಿಯದು ಎರಡೂ ದಾಖಲೆ ಅಕ್ಕಪಕ್ಕ ತೆರೆದಳು.

* * *

“ಬರ್ರಿ ಮೇಡಂ, ಕುಂತ್ಕಳ್ರಿ. ಕೋಡ್ ಗೀಡ್ ನಂಗೇನು ತಿಳೀತೈತೆ? ಪೈಪ್ ಮಾರೋನು ನಾನು.”

“ಗೋಡೆ ಮೇಲೆ ಕಂಪ್ಯೂಟರ್ ಡಿಪ್ಲೊಮಾ ಯಾರದಪ್ಪ? ನಿಮ್ಮಪ್ಪಂದಾ?”

ಚೇತನ್‌ಕುಮಾರ್ ನಗಲು ನೋಡಿದ.

“ದಿನಾ ಆರಕ್ಕೆ ಪ್ರಭುಲಿಂಗನ ಹೆಸರಲ್ಲಿ ಬರೋದು ಈ ಅಂಗಡಿ ಇಂಟರ್‌ನೆಟ್‌ನಿಂದ. ಮಂಗಳವಾರ ಎರಡಕ್ಕೆ ಸಂಘದ ಕೋಡ್ ತಿದ್ದಿದ್ದೂ ಇಲ್ಲಿಂದಾನೇ. ಮಂಗಳವಾರ ಅಂಗಡಿಗೆ ರಜ. ಬೀಗದ ಕೈ ನಿಮ್ಮೊಬ್ರ ಹತ್ರ. ವಾಲ್ವ್ ಕೆಲಸ ನೀವೂ ಕೇಳಿದ್ರಿ, ಅವತ್ತು ಪ್ರಭುಲಿಂಗನಿಗೆ ಸಿಕ್ತು. ನೀರು ನುಗ್ಗಿದ ದಿನಾನೇ ಗೋವಿಂದಪ್ಪನಿಗೆ ನಿಮ್ಮ ಫೋನ್ ಬಂತು, ‘ನಾನು ಮಾಡಿಕೊಡ್ತೀನಿ’ ಅಂತ.”

ಅವನು ಬೀಗದ ಕೈ ಮೇಜಿನ ಮೇಲಿಟ್ಟ. “ಒಂದು ಸಲ ಕೆಟ್ರೆ ಸಾಕು, ಕೆಲಸ ನಂಗೆ ಬರ್ತೈತೆ ಅಂತಿದ್ದೆ. ಕಾಳಕ್ಕನ ಹೊಲ ಅಂತ ಗೊತ್ತಿರ್ಲಿಲ್ಲ ಮೇಡಂ. ಕೋಡ್‌ನಲ್ಲಿ ಬರೀ ವಾಲ್ವ್ ನಂಬರ್ ಕಾಣ್ತೈತೆ.”

* * *

ಸಂಜೆ ಗೋವಿಂದಪ್ಪ ಮಮತಾಳ ಬಾಗಿಲಲ್ಲಿ ನಿಂತಿದ್ದ. ಒಳಗೆ ಬರಲಿಲ್ಲ.

“ನಾಳೆ ನೀರಿನ ಸರದಿ ಯಾರದು ಅಂತ ರೈತ್ರು ಕೇಳ್ತಾ ಅವ್ರೆ ಕಣಮ್ಮ. ನೀನೇ ನೋಡು.”

ಅವನು ಹೋದ ಮೇಲೆ ಅವಳು ನಾಲ್ಕೂ ಗಿರಾಕಿಗಳ ಕೀಲಿ ಪಟ್ಟಿ ತೆರೆದಳು. ಒಂದೊಂದರಲ್ಲೂ ಪ್ರಭುಲಿಂಗನ ಹೆಸರು ತೆಗೆದಳು. ಹೊಳಲ್ಕೆರೆಯದನ್ನು ಕೊನೆಗೆ.

ಮರುದಿನ ಆರಕ್ಕೆ ಮುಂಚೆ ಎದ್ದು ಹೊಳಲ್ಕೆರೆಯ ದಾಖಲೆ ತೆರೆದು ಕೂತಳು. ಆರಾಯಿತು. ಆರೂ ಐದಾಯಿತು. ಹೆಸರು ಬರಲಿಲ್ಲ. ಮಗಳು ಬಾಚಣಿಗೆ ಹಿಡಿದು ಬಂದು ಬೆನ್ನು ತಿರುಗಿಸಿ ನಿಂತಳು.