ಗೋಡೆ ದಾಟಿದ ಜೀವಕೋಶಗಳು

"ಅಮ್ಮಾ, ನನ್ನ ಜೊತೆ ಕೆಲಸ ಮಾಡೋ ಗುಂಗುರೂನ ಲ್ಯಾಬಿಂದ ಹೊರಗೆ ಹಾಕ್ತಿದ್ದಾರೆ! ಅವನು ಅಂಥವನಲ್ಲ. ಆದ್ರೆ ನಾನು ಜೀವಕೋಶ ಬೆಳೆಸ್ತಿರೋ ತಟ್ಟೆ ಬೇರೇನೇ ಹೇಳ್ತಿದೆ."

ಬೆಳಿಗ್ಗೆ ಹತ್ತಕ್ಕೆ ನಮ್ಮ ಕೋಣೆಗೆ ನುಗ್ಗಿದ ಸಂಶೋಧಕಿಯ ಕಣ್ಣು ಕೆಂಪಾಗಿತ್ತು. ಸ್ಲೈಡಮ್ಮ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, "ಕೂತ್ಕೋ ಮಗಳೇ. ಮೊದಲಿಂದ ಹೇಳು," ಎಂದರು.

ನಲವತ್ತು ವರ್ಷ ಕ್ಯಾನ್ಸರ್ ಗೆಡ್ಡೆಗಳ ಸ್ಲೈಡು ನೋಡಿದ್ದಕ್ಕೆ ಅವರಿಗೆ ಆ ಹೆಸರು. ನಿವೃತ್ತರಾದರೂ ಸಂಸ್ಥೆ ಅವರ ಕೋಣೆ ಬಿಡಿಸಿರಲಿಲ್ಲ. ಕಟ್ಟಡದಲ್ಲಿ ಏನೇ ಗೋಜಲಾದರೂ ಎಲ್ಲರೂ ಓಡಿಬರುತ್ತಿದ್ದುದು ಅಲ್ಲಿಗೇ. ಅವರಿಗೆ ಸ್ಲೈಡು ತಯಾರಿಸಿ ಕೊಡುತ್ತ ನಾನು ಇಪ್ಪತ್ತೆರಡು ವರ್ಷ ಕಳೆದಿದ್ದೆ.

ಕ್ಯಾನ್ಸರಿಗೆ ದಾರಿ ಮಾಡಿಕೊಡುವ ಒಂದು ಜೀನನ್ನು ಸಂಶೋಧಕಿ ಜೀವಕೋಶಗಳಿಗೆ ಸೇರಿಸಿದ್ದಳು, ಜೊತೆಗೊಂದು ಸ್ವಿಚ್ಚನ್ನೂ. ಒಂದು ಆಂಟಿಬಯಾಟಿಕ್ ಔಷಧಿ ಹನಿಸಿದರೆ ಮಾತ್ರ ಆ ಜೀನ್ ಏಳುತ್ತಿತ್ತು. ಎದ್ದರೆ ಸುಮ್ಮನಿರದೆ ಬೇರೆ ಹತ್ತಾರು ಜೀನ್‌ಗಳನ್ನೂ ಎಬ್ಬಿಸುತ್ತಿತ್ತು. ಆಗ ಕೋಶಗಳು ತಟ್ಟೆಯಲ್ಲಿ ಎದುರಿಗಿಟ್ಟ ಲೋಳೆಯ ಗೋಡೆಯನ್ನು ಕರಗಿಸಿ ಆಚೆ ನುಗ್ಗುತ್ತಿದ್ದವು. ಔಷಧಿ ಹಾಕದ ತಟ್ಟೆಯ ಕೋಶಗಳು ಮೂರು ತಿಂಗಳಿಂದ ಇದ್ದಲ್ಲೇ ಇದ್ದವು. ಈ ವಾರ ಅವೂ ಗೋಡೆ ದಾಟಿದ್ದವು.

"ಗುಂಗುರು ಹೊಟ್ಟೆಕಿಚ್ಚಿಗೆ ತಟ್ಟೆಗಳ ಮೇಲಿನ ಹೆಸರಿನ ಚೀಟಿ ಅದಲುಬದಲು ಮಾಡಿದ ಅಂತಾರೆ ನಮ್ಮ ಲ್ಯಾಬಿನ ಮುಖ್ಯಸ್ಥರು. ಭಾನುವಾರ ಲ್ಯಾಬಲ್ಲಿ ಇದ್ದಿದ್ದು ಅವನೊಬ್ಬನೇ."

"ಔಷಧಿ ಹಾಕಿದ ತಟ್ಟೆ ಏನಾಯ್ತು?"

"ಯಾವತ್ತಿನ ಹಾಗೇ ದಾಟಿದೆ."

"ಜೀನ್ ಎಷ್ಟು ಎದ್ದಿದೆ ಅಂತ ಅಳೆದ್ಯಾ?"

"ಔಷಧಿ ಹಾಕಿದ್ರಲ್ಲಿ ಪೂರ್ತಿ. ಹಾಕದೇ ಇದ್ದದ್ರಲ್ಲಿ ಕಾಲು ಭಾಗ."

ಸ್ಲೈಡಮ್ಮನ ಹುಬ್ಬು ಮೇಲೇರಿತು. ಲ್ಯಾಬಿಗೆ ಹೋದೆವು. ಗುಂಗುರು ಕೂದಲಿನಿಂದ ಆ ಹೆಸರು ಪಡೆದ ಯುವಕ ತನ್ನ ಪುಸ್ತಕಗಳನ್ನು ಡಬ್ಬಕ್ಕೆ ತುಂಬುತ್ತಿದ್ದ. ಸ್ಲೈಡಮ್ಮ ಫ್ರಿಜ್ ತೆರೆದು ನೀಲಿ ಮುಚ್ಚಳದ, ಬಹುಪಾಲು ತುಂಬಿದ ಬಾಟಲಿಯನ್ನೂ, ಬಿಳಿ ಮುಚ್ಚಳದ ತಳ ಕಂಡ ಬಾಟಲಿಯನ್ನೂ ಹೊರತೆಗೆದರು. ಕೋಶಗಳ ಆಹಾರಕ್ಕೆ ಬೆರೆಸುವ, ಕರುವಿನ ರಕ್ತದಿಂದ ತೆಗೆದ ಸೀರಮ್ ಅದು. ಬಿಳಿಯದರ ಮೇಲೆ 'ಔಷಧಿಯ ಅಂಶವಿಲ್ಲವೆಂದು ಪರೀಕ್ಷಿಸಿದ್ದು' ಎಂದಿತ್ತು. ನೀಲಿಯದರ ಮೇಲೆ ಆ ಸಾಲಿರಲಿಲ್ಲ.

"ಹಳೇದು ಮುಗೀತಾ ಬಂದಿತ್ತು," ಎಂದಳು ಸಂಶೋಧಕಿ. "ನೀಲಿಯದನ್ನ ಹೋದ ವಾರ ಮುಖ್ಯಸ್ಥರೇ ತಂದುಕೊಟ್ರು. ಆಗಿಂದ ಅದನ್ನೇ ಬೆರೆಸ್ತಿದೀನಿ."

ಸ್ಲೈಡಮ್ಮ ಔಷಧಿ ಹಾಕದ ಮೂರು ತಟ್ಟೆ ಇಡಿಸಿದರು: ಸ್ವಿಚ್ಚಿನ ಕೋಶಗಳಿಗೆ ಒಂದರಲ್ಲಿ ಹಳೆ ಸೀರಮ್, ಇನ್ನೊಂದರಲ್ಲಿ ಹೊಸದು, ಮೂರನೆಯದರಲ್ಲಿ ಸ್ವಿಚ್ಚೇ ಇಲ್ಲದ ಕೋಶಗಳಿಗೆ ಹೊಸದು. ಕೋಣೆಗೆ ಬೀಗ ಬಿತ್ತು. ಕೀಲಿ ನನ್ನ ಜೇಬಿಗೆ. ಫಲಿತಾಂಶ ಬರುವವರೆಗೆ ಗುಂಗುರು ಎಲ್ಲೂ ಹೋಗುವುದು ಬೇಡವೆಂದರು ಸ್ಲೈಡಮ್ಮ.

ಮೂರು ದಿನದ ಮೇಲೆ ಎಲ್ಲರೂ ಸೇರಿದರು. ಎರಡನೆಯ ತಟ್ಟೆಯ ಕೋಶಗಳು ಮಾತ್ರ ಗೋಡೆ ದಾಟಿದ್ದವು.

"ಚೀಟಿ ಅದಲುಬದಲಾಗಿದ್ರೆ ಒಂದು ತಟ್ಟೆ ದಾಟಿ ಇನ್ನೊಂದು ನಿಲ್ಬೇಕಿತ್ತು," ಎಂದರು ಸ್ಲೈಡಮ್ಮ. "ಆವತ್ತು ಎರಡೂ ದಾಟಿದ್ವು. ಅಂದ್ರೆ ಚೀಟಿ ಮುಟ್ಟಿದವರಿಲ್ಲ. ಕಾಲು ಭಾಗ ಎದ್ದಿತ್ತು ಅಂದ್ರೆ ಸ್ವಿಚ್ಚಿಗೆ ಔಷಧಿ ಚೂರೇ ಚೂರು ತಾಗಿತ್ತು."

"ಅದನ್ನ ಈ ಗುಂಗುರೂನೇ ಹನಿಸಿರಬಹುದಲ್ಲ?" ಎಂದರು ಮುಖ್ಯಸ್ಥರು.

"ಬೀಗ ಹಾಕಿದ ಕೋಣೇಲಿ ಯಾರು ಹನಿಸಿದ್ರು ಸಾರ್? ಹೊಸ ಸೀರಮ್ಮಲ್ಲೂ ಸ್ವಿಚ್ಚಿಲ್ಲದ ಕೋಶಗಳು ಅಲುಗಲಿಲ್ಲ. ಹಾಗಾಗಿ ಸೀರಮ್ ತಾನಾಗಿ ಅವನ್ನ ನುಗ್ಗಿಸ್ತಿಲ್ಲ, ಸ್ವಿಚ್ಚನ್ನ ಒತ್ತುತ್ತಿದೆ. ದನಗಳಿಗೆ ಕಾಯಿಲೆ ಬಂದ್ರೆ ಕೊಡೋದೂ ಇದೇ ಜಾತಿಯ ಔಷಧಿ. ರಕ್ತದಲ್ಲಿ ಉಳ್ಕೊಂಡು ಬಾಟಲಿಗೆ ಬಂತು. ನಿನ್ನೆ ಪರೀಕ್ಷೆ ಮಾಡಿಸ್ದೆ. ನೀಲಿ ಬಾಟಲೀಲಿ ಇದೆ. ಅದನ್ನ ತಂದವರು ನೀವು."

ಮುಖ್ಯಸ್ಥರ ಮುಖ ಸಪ್ಪಗಾಯಿತು. ಎದ್ದು ಗುಂಗುರುವಿನ ಡಬ್ಬದಿಂದ ಪುಸ್ತಕಗಳನ್ನು ತಾವೇ ತೆಗೆದು ಮೇಜಿನ ಮೇಲೆ ಜೋಡಿಸತೊಡಗಿದರು. "ತಪ್ಪು ನನ್ನದಪ್ಪಾ. ಓದದೇ ತಂದೆ, ವಿಚಾರಿಸದೇ ಬೈದೆ."

"ಒಳ್ಳೇದೂ ಆಯ್ತು," ಎಂದು ಸ್ಲೈಡಮ್ಮ ಸಂಶೋಧಕಿಯ ಕಡೆ ತಿರುಗಿದರು. "ಈ ಜೀನ್ ಪೂರ್ತಿ ಏಳ್ಬೇಕಿಲ್ಲ. ಕಾಲು ಭಾಗ ಎದ್ರೂ ಕೋಶ ಗೋಡೆ ಒಡೆಯುತ್ತೆ. ಇದು ನಿಂಗೆ ಗೊತ್ತಿತ್ತಾ?"

ಅವಳು ನೋಟ್‌ಬುಕ್ ತೆರೆದು ಅದನ್ನು ಬರೆದುಕೊಂಡಳು. ಗುಂಗುರು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ.

"ಜೀನನ್ನ ಹತ್ತರಲ್ಲೊಂದು ಭಾಗಕ್ಕೆ ಇಳಿಸಿದ್ರೆ ಕೋಶ ನಿಲ್ಲತ್ತಾ?" ಎಂದ. "ಬಾ, ನೋಡೇ ಬಿಡೋಣ."