ಸಮಾಂತರ ಜೋಡಣೆಯ ಪಾಠ

"ಆ ಪಾಠ ರುದ್ರಾಣಿಯವರ ಕೈಲಿ ಆಗಲ್ಲ ಸಾರ್. ನಾನೇ ಮಾಡ್ತೀನಿ."

ಹೆಡ್‌ಮಾಸ್ಟರ ಕೋಣೆಯ ಬಾಗಿಲಲ್ಲೇ ರುದ್ರಾಣಿಯ ಕಾಲು ನಿಂತುಬಿಟ್ಟಿತು. ಹೇಳಿದವನು ಹಾಲಸ್ವಾಮಿ! ದಿನಕ್ಕೆ ನಾಲ್ಕು ಮಾತಾಡದ ಗಣಿತದ ಮೇಷ್ಟ್ರು. ಅದರಲ್ಲೊಂದು ಮಾತು ಹೀಗಿರಬೇಕೇ?

ಜಗಳೂರಿನ ಆ ಹೈಸ್ಕೂಲಿಗೆ ಅವಳು ಬಂದದ್ದು ಎಪ್ಪತ್ತೊಂಬತ್ತರಲ್ಲಿ, ತಾತ್ಕಾಲಿಕ ಕೆಲಸಕ್ಕೆ. ಓದಿದ್ದು ಸಸ್ಯಶಾಸ್ತ್ರ. ಆದರೆ ವಿಜ್ಞಾನದ ಟೀಚರ್ ಅಂದಮೇಲೆ ಭೌತಶಾಸ್ತ್ರವೂ ಅವಳ ತಲೆಗೇ. ಸೋಮವಾರ ಇನ್‌ಸ್ಪೆಕ್ಟರ್ ಬಂದು ಹತ್ತನೇ ತರಗತಿಯಲ್ಲಿ ಕೂರುತ್ತಾರೆ. ಪಾಠ ಕೆಟ್ಟರೆ ಕೆಲಸ ಹೋಯಿತು, ತನ್ನೂರು ಚನ್ನಗಿರಿಯ ಬಸ್ಸೇ ಗತಿ.

ಹೊರಬಂದ ಹಾಲಸ್ವಾಮಿಯನ್ನು ಅಡ್ಡಗಟ್ಟಿದಳು.

"ಏನ್ರೀ, ನನ್ನ ಕೆಲ್ಸ ಕಿತ್ಕಳಾಕೆ ನಿಂತೀರಾ?"

ಅವನು ನೆಲ ನೋಡಿದ.

"ಮಾತಾಡ್ರಿ! ಬಾಯಾಗೆ ಎಲಡಿಕೆ ಐತಾ?"

"ಇಲ್ರೀ..."

"ಪಾಠ ನಾನೇ ಮಾಡೋದು. ನೀವು ಕಲಿಸಿಕೊಡ್ರಿ ಅಷ್ಟೇ!"

ಸಂಜೆ ಲ್ಯಾಬಿನಲ್ಲಿ ಎರಡು ಬಲ್ಬು, ಒಂದು ಬ್ಯಾಟರಿ, ಒಂದಿಷ್ಟು ತಂತಿ. ಹಾಲಸ್ವಾಮಿ ಪ್ರತಿ ಬಲ್ಬಿಗೂ ಬೇರೆ ದಾರಿ ಕೊಟ್ಟು ಜೋಡಿಸಿದ.

"ಇದು ಸಮಾಂತರ ಜೋಡಣೆ. ಬಲ್ಬು ಹೆಚ್ಚಾದಷ್ಟೂ ಒಟ್ಟು ರೋಧ ಕಮ್ಮಿ."

"ಹೆಂಗ್ರೀ ಕಮ್ಮಿ? ರೋಧ ಅಂದ್ರೆ ಅಡ್ಡಿ. ಒಂದು ಅಡ್ಡಿಗೆ ಇನ್ನೊಂದು ಸೇರಿದ್ರೆ ಜಾಸ್ತಿ ಆಗ್ಬೇಕಲ್ಲ?"

ಅವನು ಬೋರ್ಡಿನ ಮೇಲೆ ಸೂತ್ರ ಬರೆದ. ಅವಳು ಅಳಿಸಿದಳು. ಮತ್ತೆ ಬರೆದ. ಮತ್ತೆ ಅಳಿಸಿದಳು!

"ಲೆಕ್ಕ ನನಗೂ ಬರ್ತೈತೆ! ಯಾಕೆ ಅಂತ ಹೇಳ್ರಿ!"

ಅಯ್ಯೋ ದೇವರೇ, ಈ ಮನುಷ್ಯನ ಮೌನಕ್ಕೆ ತಲೆ ಚಚ್ಚಿಕೊಳ್ಳಬೇಕು! ಆದರೆ ಅವನ ಕಿವಿ ಯಾಕೆ ಕೆಂಪಾಗಿದೆ?

"ನಗಬಾರ್ದು ಮತ್ತೆ," ಅಂದ ಕೊನೆಗೆ. "ನಮ್ಮ ಮನೇಲಿ ಕುರಿ ಅದಾವೆ. ರೊಪ್ಪದ ಬೇಲಿಗೆ ಒಂದೇ ಕಂಡಿ ಇದ್ರೆ ಕುರಿ ಹೊರಗೆ ಬರಾಕೆ ನುಗ್ಗಾಡ್ತವೆ. ಪಕ್ಕದಾಗೆ ಇನ್ನೊಂದು ಕಂಡಿ ಬಿಟ್ರೆ? ಇಕ್ಕಟ್ಟಾಗೇ ಇರ್ಲಿ..."

"ಬೇಗ ಬರ್ತವೆ..." ರುದ್ರಾಣಿ ಬಲ್ಬುಗಳನ್ನೇ ನೋಡಿದಳು. "ಅಂದ್ರೆ ಇಕ್ಕಟ್ಟಿನ ದಾರಿನೂ ದಾರಿನೇ! ಇಷ್ಟೇನಾ? ಮೊದ್ಲೇ ಹೇಳಾಕೆ ಏನಾಗಿತ್ತು ನಿಮಗೆ?"

"ಕುರಿ ಕಾಯೋನು ಅಂತ ನಕ್ಕೀರ ಅಂತ..."

ಅವಳಿಗೆ ನಗು ಬರಲಿಲ್ಲ. ಅಳಿಸಿದ್ದ ಸೂತ್ರವನ್ನು ತಾನೇ ಬೋರ್ಡಿನ ಮೇಲೆ ಬರೆದಳು.

ಸೋಮವಾರ. ಇನ್‌ಸ್ಪೆಕ್ಟರ್, ಹೆಡ್‌ಮಾಸ್ಟರ್ ಇಬ್ಬರ ಎದುರೇ ಬಲ್ಬುಗಳು ಹೊತ್ತಿದವು. ಕುರಿ, ಕಂಡಿ, ಎಲ್ಲ ಹೇಳಿದಳು. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು.

"ಮಿಸ್, ಹೊರಗೆ ಬಂದ ಕುರಿ ಎಲ್ಲಿಗೆ ಹೋಗ್ತವೆ?"

ಇದನ್ನು ಯಾರೂ ಕಲಿಸಿರಲಿಲ್ಲ!

"ಸುತ್ತಾಡಿ ಮತ್ತೆ ರೊಪ್ಪಕ್ಕೇ ಬರ್ತವೆ ಕಣೆ. ಕರೆಂಟೂ ಹಂಗೇ, ಸುತ್ತು ಹಾಕಿ ಬ್ಯಾಟರಿಗೇ ವಾಪಸ್ಸು!"

ಇನ್‌ಸ್ಪೆಕ್ಟರ್ ಜೋರಾಗಿ ನಕ್ಕರು. "ಇವರನ್ನ ಬಿಡಬೇಡ್ರಿ," ಅಂದರು ಹೆಡ್‌ಮಾಸ್ಟರಿಗೆ.

ವರಾಂಡದ ಕಂಬಕ್ಕೊರಗಿ ಹಾಲಸ್ವಾಮಿ ನಿಂತಿದ್ದ.

"ಅವತ್ತು ನನ್ನ ಕೈಲಿ ಆಗಲ್ಲ ಅಂದ್ರಲ್ಲ, ಯಾಕೆ?"

"ಪಾಠ ಕೆಟ್ಟು ನೀವು ಊರಿಗೆ ಹೋಗಿಬಿಟ್ರೆ... ಹೆದ್ರಿಕೆ ಆತು."

"ನಾನು ಹೋದ್ರೆ ನಿಮಗೇನು?"

ಮತ್ತೆ ಅದೇ ಮೌನ! ಈ ಸಲ ಅವಳು ಕಾದಳು.

"ನಿಮ್ಮ ಮನೆಗೆ... ನಮ್ಮಪ್ಪನ್ನ ಕಳಿಸ್ಲಾ, ಕೇಳಾಕೆ?"

"ಕಳಿಸ್ರಿ. ಅದಕ್ಕೂ ಮುಂಚೆ ನೀವೇ ಒಂದ್ಸಲ ಬಾಯಿಬಿಟ್ಟು ಕೇಳ್ರಿ ನನ್ನ!"

"ರುದ್ರಾಣಿ... ನನ್ನ ಮದ್ವೆ ಆಗ್ತೀರಾ?"

"ಏನಂದ್ರಿ? ಕೇಳಿಸ್ಲಿಲ್ಲ."

ಕೇಳಿಸಿತ್ತು. ಇನ್ನೊಮ್ಮೆ ಬೇಕಿತ್ತು, ಅಷ್ಟೇ.