ಎರಡೇ ರಿಂಗ್

"ಪವಿ, ಷೂ ಹಾಕ್ಕೊಂಡು ಹತ್ತು ನಿಮಿಷ ಆಯ್ತು. ಹೊರಡಲ್ವಾ?"

"ಒಂದೇ ನಿಮಿಷ ಅಮ್ಮಾ. ಅಜ್ಜಿದು ಇನ್ನೂ ಬಂದಿಲ್ಲ."

ಪವಿ ಬಾಗಿಲ ಹತ್ತಿರ ನಿಂತು ಫೋನನ್ನೇ ನೋಡುತ್ತಿದ್ದಳು. ಏಳು ಹದಿನೈದು. ಭಾನುವಾರ ಬಿಟ್ಟು ದಿನಾ ಏಳಕ್ಕೆ ಸರಿಯಾಗಿ ನಂಜನಗೂಡಿನಿಂದ ಅಜ್ಜಿಯ ಮಿಸ್ಡ್ ಕಾಲ್ ಬರುತ್ತಿತ್ತು. ನವೆಂಬರಿನಲ್ಲಿ ಹುಟ್ಟುಹಬ್ಬಕ್ಕೆ ಅಪ್ಪ ಈ ಫೋನ್ ಕೊಡಿಸಿದ ದಿನದಿಂದ ಒಮ್ಮೆಯೂ ತಪ್ಪಿರಲಿಲ್ಲ.

ಅಜ್ಜಿಯ ಫೋನ್ ಬಂದರೆ ಎತ್ತುವ ಹಾಗಿಲ್ಲ. ಎತ್ತಿದರೆ ಕೆಟ್ಟಿತು, ಬೈಸಿಕೊಳ್ಳಬೇಕು. ಅದು ಎರಡು ರಿಂಗ್ ಆಗಿ ತಾನೇ ನಿಲ್ಲುತ್ತದೆ. 'ನಾನು ಚೆನ್ನಾಗಿದ್ದೀನಿ, ನೀನು?' ಅಂತ ಅರ್ಥ. ಆಗ ಪವಿಯೂ ಎರಡು ರಿಂಗ್ ಕೊಟ್ಟು ಕಟ್ ಮಾಡಬೇಕು. 'ನಾನೂ ಚೆನ್ನಾಗಿದ್ದೀನಿ.' ಅಲ್ಲಿಗೆ ಮಾತುಕತೆ ಮುಗಿಯಿತು.

ಅಜ್ಜಿ ಕೆಂಪಮ್ಮ ಬಸ್ ಸ್ಟ್ಯಾಂಡ್ ಎದುರು ಪುಟ್ಟ ಹೋಟೆಲ್ ನಡೆಸುತ್ತಾರೆ. ಫ್ರಾಂಕ್‌ಫರ್ಟ್ ಹತ್ತಿರದ ಡಾರ್ಮ್‌ಸ್ಟಾಟ್‌ನಲ್ಲಿ ಪವಿಗೆ ಬೆಳಿಗ್ಗೆ ಏಳಾದಾಗ ಅಲ್ಲಿ ಹನ್ನೊಂದೂವರೆ ಆಗಿರುತ್ತಿತ್ತು. ತಿಂಡಿ ಮುಗಿದು, ಊಟಕ್ಕೆ ಅನ್ನ ಇಡುವ ಮೊದಲು ಅವರಿಗೆ ಸ್ವಲ್ಪ ಬಿಡುವು. ಮೊಮ್ಮಗಳ ಎರಡು ರಿಂಗ್ ಕೇಳಿದ ಮೇಲೇ ಅನ್ನದ ಪಾತ್ರೆ ಒಲೆಗೆ ಏರುವುದು. ಜನವರಿಯಲ್ಲಿ ಒಂದು ದಿನ ಪವಿಯ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಅಜ್ಜಿ ಮಧ್ಯಾಹ್ನ ಒಂದು ಗಂಟೆಯವರೆಗೆ ಫೋನ್ ಹಿಡಿದುಕೊಂಡು ಕೂತೇ ಇದ್ದರಂತೆ. ಊಟಕ್ಕೆ ಬಂದ ಡ್ರೈವರು, ಕಂಡಕ್ಟರೆಲ್ಲ ಹಸಿದುಕೊಂಡೇ ಬಸ್ ಹತ್ತಿದರಂತೆ. ಹೋಟೆಲಿನಲ್ಲಿ ಅಜ್ಜಿಗೆ ನೆರವಾಗುವ ಚಂದನ್ ಮಾಮ ಇದನ್ನು ಹೇಳಿದಾಗ ಪವಿ ಅತ್ತುಬಿಟ್ಟಿದ್ದಳು. ಇನ್ನೊಂದು ಸಲ ಹೀಗಾಗಲು ಬಿಡುವುದಿಲ್ಲ ಅಂತ ಅವತ್ತೇ ಗಟ್ಟಿ ಮಾಡಿಕೊಂಡಿದ್ದಳು.

"ಬರದಿದ್ರೆ ನೀನೇ ಮಾಡು," ಅಂದರು ಅಮ್ಮ.

"ನಾನು ಮೊದಲು ಮಾಡಿದ್ರೆ ಅರ್ಜೆಂಟ್ ಅಂತ. ಅಜ್ಜಿ ಗಾಬರಿ ಆಗ್ತಾರೆ."

"ನಿಮ್ಮಿಬ್ಬರ ರೂಲ್ಸ್ ನಿಮಗೇ ಪ್ರೀತಿ. ನಡಿ ಪುಟ್ಟಿ, ಟ್ರಾಮ್ ಹೋಗುತ್ತೆ."

ದಿನಾ ಮನೆ ಬಿಡುವಾಗ ಪವಿ ಫೋನ್ ಆಫ್ ಮಾಡಿ ಬ್ಯಾಗಿಗೆ ಹಾಕುತ್ತಿದ್ದಳು. ಸ್ಕೂಲಿನ ನಿಯಮ ಅದು. ಇವತ್ತು ಬೆರಳು ಆ ಬಟನ್ ಮೇಲೆ ಹೋಗಿ ವಾಪಸ್ ಬಂತು. ಅಜ್ಜಿಗೆ ಏನಾಗಿರಬಹುದು? ಅವಳು ಫೋನನ್ನು ಹಾಗೇ ಬ್ಯಾಗಿಗೆ ಇಳಿಸಿದಳು.

ಸೋಮವಾರದ ಮೊದಲ ಪೀರಿಯಡ್‌ನಲ್ಲಿ ಇಬ್ಬರ ರೆಫೆರಾಟ್ ಇತ್ತು. ರೆಫೆರಾಟ್ ಅಂದರೆ ಕ್ಲಾಸಿನ ಮುಂದೆ ನಿಂತು ಒಂದು ವಿಷಯ ಹೇಳಬೇಕು. ಮೊದಲು ಯೋನಾಸ್, ಜೇನುಹುಳದ ಬಗ್ಗೆ. ಆಮೇಲೆ ಪವಿ, ಟೆಲಿಫೋನ್ ಬಗ್ಗೆ.

ಯೋನಾಸ್ ರಾಣಿ ಜೇನಿನ ಹತ್ತಿರ ಬಂದಿದ್ದ. ಆಗ ಪವಿಯ ಬ್ಯಾಗ್ ಹಾಡತೊಡಗಿತು.

ಒಂದು ರಿಂಗ್. ಎರಡು ರಿಂಗ್. ನಿಂತಿತು.

ಪವಿಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು. ಅಜ್ಜಿ ಚೆನ್ನಾಗಿದ್ದಾರೆ! ಆದರೆ ಇಡೀ ಕ್ಲಾಸು ಅವಳ ಕಡೆ ತಿರುಗಿತ್ತು. ಟೀಚರ್ ಫ್ರಾವ್ ಲಿಂಡ್ನರ್ ಕೈ ಚಾಚಿಕೊಂಡು ಬಂದರು.

"ಫೋನ್ ಕೊಡು, ಪವಿ. ಸ್ಕೂಲ್ ಬಿಟ್ಟ ಮೇಲೆ ತಗೋ."

"ಒಂದೇ ಒಂದು ಸಲ, ಎರಡು ರಿಂಗ್ ಕೊಟ್ಟು..."

"ನಿಯಮ ನಿಯಮವೇ."

ಫೋನ್ ಮೇಜಿನ ಡ್ರಾಯರ್ ಸೇರಿತು. ಯೋನಾಸ್ ಮತ್ತೆ ರಾಣಿ ಜೇನಿಗೆ ಹೋದ. ಪವಿಗೆ ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ. ಅಜ್ಜಿ ಈಗ ಕಾಯುತ್ತಿದ್ದಾರೆ. ಅನ್ನದ ಪಾತ್ರೆ ಖಾಲಿ ಇದೆ. ಹೇಗಾದರೂ ಮಾಡಿ ಆ ಎರಡು ರಿಂಗ್ ಕೊಡಲೇಬೇಕು. ಕದ್ದು ಅಲ್ಲ, ಕೇಳಿಯೇ.

"ಪವಿ, ಈಗ ನಿನ್ನ ಸರದಿ."

ಅವಳು ಮುಂದೆ ಹೋಗಿ ನಿಂತಳು.

"ನಮ್ಮ ಡಾರ್ಮ್‌ಸ್ಟಾಟ್‌ನಿಂದ ದೂರವೇನಿಲ್ಲ, ಫ್ರೀಡ್ರಿಶ್‌ಡೋರ್ಫ್ ಅಂತ ಊರು. ಅಲ್ಲಿ ಫಿಲಿಪ್ ರೈಸ್ ಅನ್ನೋ ಮೇಷ್ಟ್ರು ಇದ್ದರು. ಅವರು ಮರದಲ್ಲಿ ಒಂದು ಕಿವಿ ಮಾಡಿದರು. ಸಾಸೇಜ್ ಮೇಲಿರುತ್ತಲ್ಲ, ಆ ಚರ್ಮ ತಂದು ಅದಕ್ಕೆ ಕಟ್ಟಿದರು. ಇನ್ನೊಂದು ತುದಿಯಲ್ಲಿ ಸ್ವೆಟರ್ ಹೆಣೆಯೋ ಕಡ್ಡಿ, ಪಿಟೀಲು. ನಡುವೆ ತಂತಿ. 1861ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಎಲ್ಲರ ಮುಂದೆ ಮಾಡಿ ತೋರಿಸಿದರು. ಬೆಲ್ ಅವರ ಟೆಲಿಫೋನ್ ಬಂದಿದ್ದು ಅದಾಗಿ ಹದಿನೈದು ವರ್ಷಕ್ಕೆ. ರೈಸ್ ಅವರ ತಂತಿಯಲ್ಲಿ ಹೋದ ವಾಕ್ಯ ಯಾವುದು ಗೊತ್ತಾ? 'ಕುದುರೆ ಸೌತೆಕಾಯಿ ಸಲಾಡ್ ತಿನ್ನುವುದಿಲ್ಲ.'"

ಕ್ಲಾಸು ಗೊಳ್ಳೆಂದು ನಕ್ಕಿತು. ಯೋನಾಸ್ ಕುದುರೆಯ ಹಾಗೆ ಕೆನೆದ.

"ಯಾರೂ ಮೊದಲೇ ಊಹೆ ಮಾಡಬಾರದು ಅಂತ ಅಂಥ ವಾಕ್ಯ ಆರಿಸಿದರಂತೆ. ಆದರೂ ಮಾತು ಸರಿಯಾಗಿ ಕೇಳಲಿಲ್ಲವಂತೆ." ಪವಿ ಉಸಿರು ಎಳೆದುಕೊಂಡಳು. "ನಮ್ಮ ಅಜ್ಜಿ ಫೋನಲ್ಲಿ ಮಾತೇ ಆಡಲ್ಲ."

ನಗು ನಿಂತಿತು. ಅವಳು ಎರಡು ರಿಂಗಿನ ವಿಷಯ ಹೇಳಿದಳು. ಅನ್ನದ ಪಾತ್ರೆ, ಜನವರಿಯ ಆ ದಿನ, ಹಸಿದು ಹೋದ ಡ್ರೈವರುಗಳು, ಒಂದನ್ನೂ ಬಿಡಲಿಲ್ಲ. ಆಮೇಲೆ ಟೀಚರ್ ಕಡೆ ತಿರುಗಿದಳು.

"ಫ್ರಾವ್ ಲಿಂಡ್ನರ್, ನಾನು ಬೇಕು ಅಂತಲೇ ಫೋನ್ ಆನ್ ಇಟ್ಟಿದ್ದೆ. ಅದು ನನ್ನ ತಪ್ಪು. ಬೇಕಾದರೆ ಒಂದು ವಾರ ನೀವೇ ಇಟ್ಟುಕೊಳ್ಳಿ. ಆದರೆ ಅಜ್ಜಿ ಈಗ ಕಾಯ್ತಾ ಇದ್ದಾರೆ. ಎರಡು ರಿಂಗ್ ಕೊಡಬಹುದಾ?"

ಫ್ರಾವ್ ಲಿಂಡ್ನರ್ ಅವಳನ್ನೇ ನೋಡಿದರು. ಡ್ರಾಯರ್ ಎಳೆದರು.

"ಸ್ಪೀಕರ್ ಹಾಕು. ನಾವೂ ಕೇಳ್ತೀವಿ."

ಕ್ಲಾಸಿನಲ್ಲಿ ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಟ್ರಿಂಗ್... ಟ್ರಿಂಗ್... ಎಲ್ಲರೂ ಬೆರಳಲ್ಲಿ ಎಣಿಸುತ್ತಿದ್ದರು. ಎರಡಾಯಿತು. ಪವಿ ಕಟ್ ಮಾಡಿದಳು.

"ಇಷ್ಟೇನಾ?" ಅಂದ ಯೋನಾಸ್.

"ಇಷ್ಟೇ. ಈಗ ಅಜ್ಜಿ ಅನ್ನಕ್ಕೆ ಇಡ್ತಾರೆ."

ಅವಳೇ ಫೋನ್ ಆಫ್ ಮಾಡಿ ಟೀಚರ್ ಕೈಗೆ ಕೊಟ್ಟಳು.

"ಒಂದು ಪ್ರಶ್ನೆ," ಅಂದರು ಫ್ರಾವ್ ಲಿಂಡ್ನರ್. "ಅಜ್ಜಿ ಏಳಕ್ಕೆ ಸರಿಯಾಗಿ ಮಾಡ್ತಾರೆ ಅಂದೆ. ಇವತ್ತು ಎಂಟಕ್ಕೆ ಸರಿಯಾಗಿ ಬಂತಲ್ಲ?"

ಪವಿ ಗೋಡೆಯ ಗಡಿಯಾರ ನೋಡಿದಳು. ನಿನ್ನೆ ಅಪ್ಪ ಕುರ್ಚಿ ಹತ್ತಿ ಮನೆಯ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿದ್ದು ನೆನಪಾಯಿತು. ಬೇಸಿಗೆ ಬಂತು ಅಂತ ಇಲ್ಲಿ ಎಲ್ಲರೂ ತಿರುಗಿಸುತ್ತಾರೆ. ನಂಜನಗೂಡಿನಲ್ಲಿ ಯಾರೂ ತಿರುಗಿಸುವುದಿಲ್ಲ. ಅಜ್ಜಿ ಎಂದಿನಂತೆ ಹನ್ನೊಂದೂವರೆಗೇ ಮಾಡಿದ್ದರು. ಬೆಳಿಗ್ಗೆಯಿಂದ ಅಜ್ಜಿ ತಡ ಮಾಡಿದರು ಅಂದುಕೊಂಡಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಸಂಜೆ ಇದನ್ನೆಲ್ಲ ಕೇಳಿ ಅಪ್ಪ ತಲೆ ಚಚ್ಚಿಕೊಂಡರು. "ಛೇ, ನನಗೂ ಹೊಳೀಲಿಲ್ಲ ನೋಡು. ಅಜ್ಜಿಗೆ ಒಂದು ಗಂಟೆ ಮುಂಚೆ ಮಾಡೋಕೆ ಹೇಳ್ತೀನಿ ಬಿಡು."

"ಬೇಡ ಅಪ್ಪಾ. ಹತ್ತೂವರೆಗೆ ಅಲ್ಲಿ ತಿಂಡಿ ರಶ್. ಅಜ್ಜಿಗೆ ದೋಸೆ ಹೊಯ್ಯೋದೇ ಸಾಕಾಗಿರುತ್ತೆ. ಗಡಿಯಾರ ತಿರುಗಿಸಿದ್ದು ನಾವು ತಾನೇ?"

"ಎಂಟಕ್ಕೆ ನೀನು ಕ್ಲಾಸಲ್ಲಿ ಇರ್ತೀಯಲ್ಲ?"

ಸ್ಕೂಲ್ ಬಿಟ್ಟಾಗ ಟೀಚರ್ ವಾಪಸ್ ಕೊಟ್ಟಿದ್ದ ಫೋನನ್ನು ಪವಿ ಅಪ್ಪನ ಕೈಯಲ್ಲಿ ಇಟ್ಟಳು. "ನೀವು ಆಫೀಸಿಗೆ ಹೊರಡೋದು ಎಂಟೂಕಾಲಿಗೆ. ಅಜ್ಜಿದು ಬಂದ ತಕ್ಷಣ ವಾಪಸ್ ಕೊಡಿ. ಎತ್ತಬೇಡಿ. ಎರಡೇ ರಿಂಗ್. ಮೂರು ಆದ್ರೆ ಅಜ್ಜಿ ಬೈತಾರೆ."

"ನಮ್ಮಮ್ಮ ಬೈಯೋದು ನನಗೆ ಗೊತ್ತಿಲ್ವಾ?" ಅಂದರು ಅಪ್ಪ.

ಮಾರನೇ ದಿನ ಪವಿಯ ಬ್ಯಾಗಿನಲ್ಲಿ ಫೋನ್ ಇರಲಿಲ್ಲ. ಗಣಿತದ ಪೀರಿಯಡ್ ನಡೆಯುತ್ತಿತ್ತು. ಗೋಡೆಯ ಗಡಿಯಾರದಲ್ಲಿ ಎಂಟಾಯಿತು. ಪವಿ ಮೇಜಿನ ಕೆಳಗೆ ಒಂದು ಬೆರಳು ಮಡಿಸಿದಳು, ಆಮೇಲೆ ಇನ್ನೊಂದು. ಸ್ವಲ್ಪ ಬಿಟ್ಟು ಮತ್ತೆ ಒಂದು, ಮತ್ತೆ ಇನ್ನೊಂದು.

ನಂಜನಗೂಡಿನಲ್ಲಿ ಅಜ್ಜಿ ಅಕ್ಕಿ ತೊಳೆಯಲು ಎದ್ದಿರಬೇಕು. ಅವಳು ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಬಿಡಿಸತೊಡಗಿದಳು.